ಆಸ್ಫೋಟನೆಯೂ ಸೈನಿಕನ ಕಿವಿಯೂ

1782ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಒಂದು ದೊಡ್ಡ ನೌಕಾಯುದ್ಧ ನಡೆಯಿತು. ಇಂಗ್ಲಿಷ್ ನೌಕಾಬಲದ ನಾಯಕನಾದ ಅಡ್ಮಿರಲ್ ರಾಡ್ನಿಯು ‘ಫಾರ್ಮಿಡಬಲ್’ ಎಂಬ ಹಡಗಿನಲ್ಲಿದ್ದನು. ಆ ಹಡಗಿನ ಪಕ್ಕದ ಫಿರಂಗಿಗಳ ಸಾಲು ಎಂಬತ್ತು ಬಾರಿ ಹಾರಿತೆಂದೂ, ಆಮೇಲೆ ಹದಿನಾಲ್ಕು ದಿನಗಳ ಕಾಲ ರಾಡ್ನಿಗೆ ಹೆಚ್ಚುಕಡಮೆ ಏನೂ ಕೇಳಿಸಲಿಲ್ಲವೆಂದೂ ಕಿವಿಯ ವೈದ್ಯದ ಇತಿಹಾಸವನ್ನು ಬರೆದವರು ಹೇಳುತ್ತ ಬಂದಿದ್ದಾರೆ. ಅನಂತರ ಅವನ ಕಿವಿ ತಿಳಿಯಾಯಿತು. ಕಥೆ ಅಲ್ಲಿಗೆ ಮುಗಿಯುತ್ತದೆ.

ಕೇಳಿಸದೆ ಹೋಗಿದ್ದ ಕಿವಿ ಮತ್ತೆ ಕೇಳತೊಡಗಿದರೆ ಅದು ವಾಸಿಯಾಯಿತೆಂದೇ ಅರ್ಥವಲ್ಲವೆ? ವೈದ್ಯರೂ ಸೇನಾಧಿಕಾರಿಗಳೂ ಬಹುಕಾಲ ಹೀಗೆಯೇ ಎಣಿಸಿದ್ದರು. ಸಿಡಿಗುಂಡಿನ ಪಕ್ಕದಲ್ಲಿದ್ದು ಬದುಕಿ ಬಂದ ಸೈನಿಕನು ಕೆಲವು ವಾರಗಳ ಬಳಿಕ ಕಿವಿಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ಕಿವಿ ನೆಟ್ಟಗಿದೆಯೆಂದು ಹೇಳಿ ಕಳುಹಿಸುತ್ತಿದ್ದರು. ಅವನಾದರೋ, ನಾಲ್ಕು ಜನ ಸೇರಿದ ಕಡೆ ತನಗೆ ಮಾತು ತಿಳಿಯುವುದಿಲ್ಲವೆಂದು ಹೇಳುತ್ತಲೇ ಇರುತ್ತಿದ್ದನು. ಇವರಲ್ಲಿ ಯಾರ ಮಾತು ನಿಜ? ಎರಡೂ ಏಕಕಾಲಕ್ಕೆ ನಿಜವಾಗಿರಬಲ್ಲುವೆಂಬ ವಿಚಿತ್ರ ಸಂಗತಿ ಈಚಿನ ವರ್ಷಗಳಲ್ಲಿ ತಿಳಿದುಬಂದಿದೆ. ಅದು ಹೇಗೆಂಬುದನ್ನು ಅರಿಯಬೇಕಾದರೆ ಆಸ್ಫೋಟನೆಯಿಂದ ಹೊರಡುವ ಅಲೆ ಎಂಥದು, ಅದನ್ನು ಎದುರಿಸುವ ಕಿವಿ ಎಂಥದು ಎಂಬುದನ್ನು ಮೊದಲು ತುಸು ವಿವರವಾಗಿ ನೋಡಬೇಕು.

ಒತ್ತಡದ ಲೆಕ್ಕ

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತವೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಈ ಏರಿಳಿತ ಎಷ್ಟು ಅಲ್ಪವಾದದ್ದೆಂಬುದನ್ನು ಮಾತ್ರ ಬಹು ಜನ ಲೆಕ್ಕ ಹಾಕಿ ನೋಡಿರುವುದಿಲ್ಲ. ನಮ್ಮ ಮೇಲೆ ಸದಾ ಇರುವ ವಾಯುಮಂಡಲದ ಒತ್ತಡ ಸುಮಾರು 1,00,000 ಪಾಸ್ಕಲ್. ಎದುರಿಗೆ ಕುಳಿತ ಗೆಳೆಯನ ಮಾತು ನಮ್ಮ ಕಿವಿಯ ಬಳಿ ಈ ಒತ್ತಡವನ್ನು 0.02 ಪಾಸ್ಕಲಿನಷ್ಟು, ಎಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಅಲುಗಿಸುತ್ತದೆ. ಎಳೆಯ ಕಿವಿಗೆ ಕೇಳಿಸುವ ಅತ್ಯಂತ ಮೆಲುವಾದ ಶಬ್ದದಲ್ಲಿ ಏರಿಳಿತವು ಇದರ ಸಾವಿರದಲ್ಲಿ ಒಂದು ಪಾಲು, 0.00002 ಪಾಸ್ಕಲ್. ಈ ಕನಿಷ್ಠ ಮಟ್ಟವನ್ನೇ ಸೊನ್ನೆ ಡೆಸಿಬೆಲ್ ಎಂದು ಇಟ್ಟುಕೊಂಡಿದ್ದಾರೆ. ಒತ್ತಡವು ಹತ್ತರಷ್ಟಾದಂತೆಲ್ಲ ಡೆಸಿಬೆಲಿನ ಲೆಕ್ಕದಲ್ಲಿ 20 ಕೂಡುತ್ತದೆ. ಮಾತು ಕನಿಷ್ಠದ ಸಾವಿರದಷ್ಟು. ಆದುದರಿಂದ 60 ಡೆಸಿಬೆಲ್.

ಈಗ ಮೇಲಕ್ಕೆ ಹೋಗೋಣ. ಸೈನಿಕನು ತನ್ನ ರೈಫಲನ್ನು ಹಾರಿಸಿದಾಗ ಅವನ ಕಿವಿಯ ಬಳಿ ಒತ್ತಡವು ಕ್ಷಣಮಾತ್ರ 2,000 ಪಾಸ್ಕಲಿನಷ್ಟು ಏರಬಹುದು. ಇದು 160 ಡೆಸಿಬೆಲ್. ಸಮೀಪದಲ್ಲಿ ನೆಲಬಾಂಬು ಸಿಡಿದರೆ ಏರಿಕೆಯು ಹತ್ತಾರು ಸಾವಿರ ಪಾಸ್ಕಲ್ಲುಗಳನ್ನು ಮುಟ್ಟುತ್ತದೆ. ಮನುಷ್ಯನ ಕಿವಿಯ ತಮಟೆ ಸುಮಾರು 35,000 ಪಾಸ್ಕಲಿನ ಏರಿಕೆಗೆ ಹರಿಯತೊಡಗುವುದು. 1,00,000 ಪಾಸ್ಕಲಿನ ಹತ್ತಿರದ ಏರಿಕೆಗೆ ಅರ್ಧದಷ್ಟು ಕಿವಿಗಳಲ್ಲಿ ಹರಿಯುವುದು. ಮೊದಲನೆಯದನ್ನು ಡೆಸಿಬೆಲಿಗೆ ತಿರುಗಿಸಿದರೆ 185 ಬರುತ್ತದೆ. ವಿದ್ಯಾರ್ಥಿಗಳು ಲಾಗರಿದಮ್ ಕೋಷ್ಟಕವನ್ನು ತೆರೆದು ತಾವೇ ಹಾಕಿ ನೋಡಬಹುದು. 60ಕ್ಕೂ 185ಕ್ಕೂ ಅಂತರ ಮೂರರಷ್ಟೆಂದು ಭ್ರಮಿಸಬಾರದು. ಒತ್ತಡದಲ್ಲಿ ಅದು ಹದಿನೇಳು ಲಕ್ಷದಷ್ಟು.

ಸಿಡಿಮದ್ದಿನ ವಿಶೇಷವೇನೆಂದರೆ ಅದು ಬೆಂಕಿಯಂತೆ ಉರಿಯುವುದಿಲ್ಲ. ಟಿ.ಎನ್.ಟಿ.ಯ ಗಟ್ಟಿಯೊಂದರಲ್ಲಿ ಸ್ಫೋಟಕ್ರಿಯೆ ಸೆಕೆಂಡಿಗೆ ಸುಮಾರು 6,900 ಮೀಟರಿನ ವೇಗದಲ್ಲಿ, ಎಂದರೆ ಗಾಳಿಯಲ್ಲಿ ಶಬ್ದ ಚಲಿಸುವ ವೇಗದ ಇಪ್ಪತ್ತರಷ್ಟು ವೇಗದಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯುತ್ತದೆ. ಘನವಸ್ತು ಒಮ್ಮೆಗೇ ಕಾದ ಅನಿಲವಾಗಿ ಹಿಗ್ಗುತ್ತದೆ. ಸುತ್ತಲಿನ ಗಾಳಿಗೆ ಸರಿದು ದಾರಿಬಿಡಲು ಸಮಯವೇ ಇಲ್ಲದುದರಿಂದ ಅದು ಒತ್ತಿಕೊಂಡು ಗೋಡೆಯಂತಾಗಿ ಶಬ್ದಕ್ಕಿಂತ ಮುಂದಾಗಿ ಧಾವಿಸುತ್ತದೆ. ಇದಕ್ಕೆ ಆಘಾತತರಂಗವೆಂದು ಹೆಸರು. ಮಾತಿನ ಅಲೆಯಲ್ಲಿ ಒತ್ತಡ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವುದಷ್ಟೆ. ಆಘಾತತರಂಗದಲ್ಲಿ ಅದು ಕಂಬದಂತೆ ನೆಟ್ಟಗೆ ಏರುತ್ತದೆ. ಅನಂತರ ಕೆಲವು ಮಿಲಿಸೆಕೆಂಡುಗಳಲ್ಲಿ ಇಳಿದು, ಸಹಜ ಮಟ್ಟಕ್ಕಿಂತಲೂ ಕೆಳಗೆ ಹೋಗಿ, ಸ್ವಲ್ಪ ಹೊತ್ತು ಹೀರಿ ಎಳೆದಂತೆ ಮಾಡಿ, ಬಳಿಕ ಸಮಸ್ಥಿತಿಗೆ ಬರುತ್ತದೆ. ಒತ್ತಡದ ಈ ಏರಿಳಿತದ ರೇಖೆಗೆ ಗಣಿತಜ್ಞ ಫ್ರೀಡ್‌ಲ್ಯಾಂಡರನ ಹೆಸರು ನಿಂತಿದೆ. ಬಯಲಿನಲ್ಲಿ ಸಿಡಿದಾಗ ಮಾತ್ರ ರೇಖೆ ಇಷ್ಟು ಸರಳವಾಗಿರುವುದು. ಕೊಠಡಿಯಲ್ಲಿ, ಕಂದಕದಲ್ಲಿ, ಉಕ್ಕಿನ ಬಂಡಿಯೊಳಗೆ ಅಲೆಯು ಗೋಡೆಗೆ ಬಡಿದು ಹಿಂದಿರುಗಿ ಬರುತ್ತದೆ. ಹಾಗೆ ಬಡಿದೆಡೆಯಲ್ಲಿ ಒತ್ತಡವು ಮೊದಲಿನ ಎರಡರಷ್ಟನ್ನೂ ಮೀರುವುದುಂಟು. ರಕ್ಷಣೆಗೆಂದು ಹೊಕ್ಕ ಮೂಲೆಯೇ ಕಿವಿಗೆ ಶತ್ರುವಾಗುವುದು ಹೀಗೆ.

ತಮಟೆ ಹರಿದರೆ

ಕಿವಿಯನ್ನು ಮೂರು ಭಾಗ ಮಾಡಿ ಹೇಳುವುದು ವಾಡಿಕೆ. ಹೊರಕಿವಿಯ ಹಾಲೆ ಮತ್ತು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳ. ಅದರ ಕೊನೆಯಲ್ಲಿ ತಮಟೆ. ತಮಟೆಯ ಹಿಂದೆ ಗಾಳಿ ತುಂಬಿದ ನಡುಕಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳ ಸರಪಣಿ. ಅದರಾಚೆ ದ್ರವ ತುಂಬಿದ ಒಳಕಿವಿ. ತಮಟೆಯ ಹರಹು ರಿಕಾಪಿನ ಅಡಿಯ ಹದಿನೇಳರಷ್ಟು. ಅಗಲವಾದ ತಮಟೆಯ ಮೇಲೆ ಬಿದ್ದ ಬಲವೆಲ್ಲ ಇಕ್ಕಟ್ಟಾದ ರಿಕಾಪಿನ ಅಡಿಯಲ್ಲಿ ಕೂಡಿಕೊಳ್ಳುವುದರಿಂದ ಒತ್ತಡ ಹಿಗ್ಗುತ್ತದೆ. ಗಾಳಿಯ ಅಲ್ಪ ಅಲುಗಾಟದಿಂದ ದ್ರವವನ್ನು ಅಲುಗಿಸಲು ಪ್ರಕೃತಿ ಮಾಡಿಕೊಂಡ ಉಪಾಯವಿದು. ಮೆಲುದನಿಯನ್ನು ದೊಡ್ಡದು ಮಾಡುವ ಈ ಏರ್ಪಾಡು ಸಿಡಿತವನ್ನೂ ದೊಡ್ಡದು ಮಾಡಿಯೇ ಒಳಕ್ಕೆ ಕಳುಹಿಸುತ್ತದೆ.

ಕಿವಿಗೆ ತನ್ನದೇ ಆದ ಒಂದು ಕಾವಲೂ ಉಂಟು. ದೊಡ್ಡ ಶಬ್ದ ಕೇಳಿದೊಡನೆ ನಡುಕಿವಿಯ ಒಂದು ಕಿರುಸ್ನಾಯು ಬಿಗಿದುಕೊಂಡು ರಿಕಾಪಿನ ಚಲನೆಯನ್ನು ತಗ್ಗಿಸುತ್ತದೆ. ಆದರೆ ಈ ಸ್ನಾಯು ಪೂರ್ತಿ ಬಿಗಿಯಲು ಸೆಕೆಂಡಿನ ಹತ್ತನೆಯ ಒಂದು ಪಾಲು ಹಿಡಿಯಬಹುದು. ಆಘಾತತರಂಗದ ಕೆಲಸ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ!

ತಮಟೆಯ ಹರಹು ಸುಮಾರು 60 ಚದರ ಮಿಲಿಮೀಟರ್. ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲು. 35,000 ಪಾಸ್ಕಲಿನ ಒತ್ತಡ ಅದರ ಮೇಲೆ ಬಿದ್ದರೆ ಬಲವು ಸುಮಾರು 200 ಗ್ರಾಂ ತೂಕಕ್ಕೆ ಸಮ. ಇದೇನು ಮಹಾ ತೂಕವೆನಿಸಬಹುದು. ಆದರೆ ಹೊರಗಿನ ಒತ್ತಡ ಮೆಲ್ಲಗೆ ಹೆಚ್ಚಿದಾಗ ಗಂಟಲಿನಿಂದ ನಡುಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಒಳಗೂ ಒತ್ತಡ ಏರಿ ಸರಿದೂಗುತ್ತದೆ. ಘಟ್ಟವನ್ನು ಇಳಿಯುವಾಗ ಕಿವಿ ಕಟ್ಟಿ, ಉಗುಳು ನುಂಗಿದರೆ ಬಿಡುವುದು ಇದರಿಂದಲೇ. ಮಿಲಿಸೆಕೆಂಡಿಗೂ ಕಡಮೆಯಾದ ಕಾಲದಲ್ಲಿ ಅಂತಹ ಸರಿದೂಗುವಿಕೆಗೆ ಎಡೆಯಿಲ್ಲ.

ಹರಿದ ತಮಟೆ ಕಣ್ಣಿಗೆ ಕಾಣುವ ಗಾಯ. ದೀಪ ಹಿಡಿದು ನೋಡಿದರೆ ವೈದ್ಯನಿಗೆ ಗೊತ್ತಾಗುತ್ತದೆ. ಕಿವಿಯಿಂದ ರಕ್ತ ಬಂದರೆ ಜೊತೆಯವನಿಗೂ ಗೊತ್ತಾಗುತ್ತದೆ. ಆದರೂ ಇದು ಕಿವಿಗೆ ಬರುವ ಆಪತ್ತುಗಳಲ್ಲಿ ಹಗುರವಾದದ್ದು ಎಂದೇ ನಾನು ಹೇಳುವೆನು. ಸಣ್ಣ ತೂತುಗಳು ಅನೇಕ ವೇಳೆ ಕೆಲವು ವಾರಗಳಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ. ಕೂಡದಿದ್ದರೆ, ಕಿವಿಯ ಮೇಲ್ಗಡೆಯ ಸ್ನಾಯುವಿನ ತೆಳುಪೊರೆಯ ತುಂಡನ್ನು ತೆಗೆದು ತೇಪೆ ಹಾಕುವ ಶಸ್ತ್ರಕ್ರಿಯೆ ಇದೆ. ತಮಟೆಯನ್ನು ಹೀಗೆ ಕಟ್ಟುವ ಕಲೆಗೆ 1950ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೊಲ್ನರ್ ಎಂಬ ವೈದ್ಯರು ತಳಹದಿ ಹಾಕಿದರು. ಸಿಡಿತದ ಗಾಯಾಳುವಿನಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು: ಹರಿದ ಅಂಚಿನ ಚರ್ಮದ ಚೂರುಗಳು ನಡುಕಿವಿಯೊಳಕ್ಕೆ ತೂರಿ, ಅಲ್ಲೇ ಬೆಳೆದು, ಹಲವು ವರ್ಷಗಳ ಮೇಲೆ ಮೂಳೆಯನ್ನು ಕೊರೆಯುವ ಗಡ್ಡೆಯಾಗಬಹುದು.

ಯುದ್ಧರಂಗದ ವೈದ್ಯರಿಗೆ ತಮಟೆಯು ಒಂದು ಸೂಚಕಯಂತ್ರವೂ ಆಗಿದೆ. ಶ್ವಾಸಕೋಶಕ್ಕೆ ಪೆಟ್ಟಾಗಲು ಇನ್ನೂ ಹೆಚ್ಚಿನ ಒತ್ತಡ ಬೇಕಾಗುವುದರಿಂದ, ಹೊರಗೆ ಗಾಯವೇ ಕಾಣದ ಸೈನಿಕನ ತಮಟೆ ಹರಿದಿದ್ದರೆ ಅವನನ್ನು ಹಾಗೆಯೇ ಕಳುಹಿಸಬಾರದೆಂಬ ಪದ್ಧತಿ ಬಂತು. ಇರಾಕಿನಲ್ಲಿ ಗಾಯಗೊಂಡ ಅಮೆರಿಕದ ಸೈನಿಕರ ವಿಷಯವಾಗಿ 2007ರಲ್ಲಿ ಪ್ರಕಟವಾದ ಒಂದು ವರದಿಯಂತೆ, ತಮಟೆ ಹರಿದವರಲ್ಲಿ ಪ್ರಜ್ಞೆ ತಪ್ಪಿದವರ ಪ್ರಮಾಣ ಉಳಿದವರಿಗಿಂತ ಹೆಚ್ಚಾಗಿತ್ತು. ಕಿವಿಗೆ ಬಡಿದ ಅಲೆ ಮಿದುಳಿಗೂ ಬಡಿದಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಉಪಯೋಗವಿದೆ. ತಮಟೆ ಉಳಿದವನು ಕ್ಷೇಮವೆಂದು ಮಾತ್ರ ಇದರಿಂದ ತಿಳಿಯಕೂಡದು.

ಶಂಖದೊಳಗೆ

ನಿಜವಾದ ನಷ್ಟ ಒಳಕಿವಿಯಲ್ಲಿ. ಶಂಖದಂತೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚಾಗಿ ಸುರುಳಿಗೊಂಡ ಒಂದು ಮೂಳೆಯ ಕೊಳವೆ ಅಲ್ಲಿದೆ. ಅದನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಉದ್ದ ಸುಮಾರು 35 ಮಿಲಿಮೀಟರ್. ಕೊಳವೆಯ ಉದ್ದಕ್ಕೂ ಒಂದು ಪೊರೆ ಹಾಸಿದೆ. ರಿಕಾಪು ದ್ರವವನ್ನು ತಳ್ಳಿದಾಗ ಈ ಪೊರೆಯ ಮೇಲೆ ಅಲೆಯೊಂದು ಸಾಗಿ, ಸ್ವರಕ್ಕೆ ತಕ್ಕ ಜಾಗದಲ್ಲಿ ಎತ್ತರಕ್ಕೆ ಎದ್ದು ಅಡಗುತ್ತದೆ. ಕೀರಲು ಸ್ವರಗಳಿಗೆ ಶಂಖದ ಬುಡ, ಮಂದ್ರಸ್ವರಗಳಿಗೆ ತುದಿ. ಶವಗಳ ಕಿವಿಗಳಲ್ಲಿ ಇದನ್ನು ಕಣ್ಣಾರೆ ಕಂಡು ಅಳೆದ ಗೆಯಾರ್ಗ್ ಫಾನ್ ಬೇಕೆಷಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂತು. ಅವನು ಹಂಗೆರಿಯ ಅಂಚೆ ಇಲಾಖೆಯ ದೂರವಾಣಿ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ ಭೌತವಿಜ್ಞಾನಿಯೇ ಹೊರತು ವೈದ್ಯನಲ್ಲ.

ಪೊರೆಯ ಮೇಲೆ ರೋಮಕೋಶಗಳು ಸಾಲಾಗಿ ನಿಂತಿವೆ. ಒಳಸಾಲು ಒಂದು, ಅದರಲ್ಲಿ ಸುಮಾರು 3,500; ಹೊರಸಾಲುಗಳು ಮೂರು, ಅವುಗಳಲ್ಲಿ ಸುಮಾರು 12,000. ಹೊರಸಾಲಿನವು ತಾವೇ ಹಿಗ್ಗಿ ಕುಗ್ಗಿ ಮೆಲುದನಿಯನ್ನು ಹೆಚ್ಚಿಸುತ್ತವೆ; ಒಳಸಾಲಿನವು ಸುದ್ದಿಯನ್ನು ನರಗಳಿಗೆ ಒಪ್ಪಿಸುತ್ತವೆ. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಹನ್ನೆರಡು ಕೋಟಿಯಷ್ಟಿರುವಾಗ ಕಿವಿಗೆ ಈ ಹದಿನೈದು ಸಾವಿರ ಚಿಲ್ಲರೆ ಸಾಕೆಂದು ಪ್ರಕೃತಿ ಏಕೆ ಎಣಿಸಿತೋ! ಸಾಲದುದಕ್ಕೆ, ಇವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ. ಕೋಳಿಮರಿಯ ರೋಮಕೋಶಗಳನ್ನು ದೊಡ್ಡ ಶಬ್ದದಿಂದ ಕೆಡಿಸಿದರೆ ಕೆಲವು ವಾರಗಳಲ್ಲಿ ಹೊಸವು ಬಂದು ನಿಲ್ಲುವುದನ್ನು 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡರು. ಸಸ್ತನಿಗಳಲ್ಲಿ ಈ ಶಕ್ತಿಯನ್ನು ಎಬ್ಬಿಸುವ ಔಷಧಕ್ಕಾಗಿ ಅಂದಿನಿಂದಲೂ ಹುಡುಕಾಟ ನಡೆದಿದೆ. ಮನುಷ್ಯರ ಮೇಲೆ ಪ್ರಯೋಗಿಸಿದ ಅಂತಹ ಒಂದು ಔಷಧದಿಂದ ನಿರೀಕ್ಷಿಸಿದ ಫಲ ದೊರೆಯಲಿಲ್ಲವೆಂದು 2023ರಲ್ಲಿ ತಿಳಿದುಬಂತು.

ಆಘಾತತರಂಗವು ರಿಕಾಪನ್ನು ಒಳಕ್ಕೆ ನೂಕಿದಾಗ ಪೊರೆಯು ತಾಳಬಲ್ಲ ಮಿತಿಯನ್ನು ಮೀರಿ ಬಾಗುತ್ತದೆ. ರೋಮಗಳು ಬುಡದಲ್ಲಿ ಮುರಿಯುತ್ತವೆ. ಕೋಶಗಳ ಸಾಲು ಪೊರೆಯಿಂದ ಕಿತ್ತು ಬರುವುದೂ ಉಂಟು. ಬೇರೆ ಬೇರೆಯಾಗಿರಬೇಕಾದ ಎರಡು ದ್ರವಗಳು ಹರಿದ ಪೊರೆಯ ಮೂಲಕ ಬೆರೆತು ಉಳಿದ ಕೋಶಗಳಿಗೂ ವಿಷವಾಗುತ್ತವೆ. ಶಂಖದ ಬುಡದ ಕಡೆಗೆ ಪೆಟ್ಟು ಹೆಚ್ಚು. ಆದುದರಿಂದ ಮೊದಲು ಹೋಗುವುದು ಸೆಕೆಂಡಿಗೆ ನಾಲ್ಕು ಸಾವಿರ ಕಂಪನಗಳ ಸುತ್ತಮುತ್ತಲಿನ ಹಾಗೂ ಅದಕ್ಕೂ ಮೇಲಿನ ಸ್ವರಗಳು. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಇದಕ್ಕಿಂತ ಕೆಳಗಿದೆ. ವ್ಯಂಜನಗಳ, ಅದರಲ್ಲೂ ಸಕಾರ ಶಕಾರಗಳ ಗುರುತು ಮೇಲುಗಡೆ ಇದೆ. ಕಾಲು, ಹಾಲು, ಸಾಲು, ಪಾಲು ಎಂಬ ನಾಲ್ಕು ಮಾತುಗಳನ್ನು ಹೇಳಿ ನೋಡಿ. ಇವುಗಳಲ್ಲಿ ‘ಆಲು’ ಎಂಬುದು ಸಾಮಾನ್ಯ; ಅರ್ಥವನ್ನು ಬದಲಿಸುವುದು ಮೊದಲ ವ್ಯಂಜನವೊಂದೇ. ಪೆಟ್ಟುಬಿದ್ದ ಕಿವಿಗೆ ನಾಲ್ಕೂ ‘ಆಲು’ ಆಗಿ ಕೇಳುತ್ತವೆ. ಆದ್ದರಿಂದಲೇ ಇಂತಹವನು ತನಗೆ ಕೇಳಿಸುವುದಿಲ್ಲವೆನ್ನದೆ, ಜನ ಗೊಣಗುಟ್ಟುತ್ತಾರೆಂದು ದೂರುವುದು.

ಇದರ ಜೊತೆಗೆ ಕಿವಿಮೊರೆತ. ಹೊರಗೆ ಯಾವ ಶಬ್ದವೂ ಇಲ್ಲದಿರುವಾಗ ಕಿವಿಯಲ್ಲಿ ಸಿಳ್ಳು, ಜೀರುಂಡೆಯ ದನಿ, ಆವಿಯ ಭುಸುಗುಟ್ಟುವಿಕೆ. ಅಮೆರಿಕದಲ್ಲಿ ನಿವೃತ್ತ ಸೈನಿಕರಿಗೆ ಅಂಗವೈಕಲ್ಯಕ್ಕಾಗಿ ಪರಿಹಾರ ಕೊಡುವ ಇಲಾಖೆಯ ಲೆಕ್ಕದಲ್ಲಿ 2020ರ ಸುಮಾರಿಗೆ ಕಿವಿಮೊರೆತವೇ ಎಲ್ಲಕ್ಕೂ ಮೊದಲನೆಯದಾಗಿತ್ತು. ಹೀಗೆ ಪರಿಹಾರ ಪಡೆಯುತ್ತಿದ್ದವರು ಇಪ್ಪತ್ತು ಲಕ್ಷಕ್ಕೂ ಮೀರಿದ್ದರು. ಕೈಕಾಲು ಕಳೆದುಕೊಂಡವರನ್ನು ನಾವು ಯುದ್ಧದ ಗಾಯಾಳುಗಳೆಂದು ಗುರುತಿಸುತ್ತೇವೆ. ಈ ಇಪ್ಪತ್ತು ಲಕ್ಷ ಜನ ಬೀದಿಯಲ್ಲಿ ಎದುರಾದರೆ ಗುರುತು ಸಿಕ್ಕುವುದಿಲ್ಲ.

ನಂಬದೆ ಹೋದ ಕಾಲ

ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿಗುಂಡುಗಳ ಸುರಿಮಳೆಯಿಂದ ಹಿಂದಿರುಗಿದವರಲ್ಲಿ ಕಿವುಡರು, ಮೂಗರು, ನಡುಗುವವರು, ನೆನಪು ಹೋದವರು ಕಾಣಿಸಿಕೊಂಡರು. ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯನು 1915ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ವೃತ್ತಾಂತವನ್ನು ಪ್ರಕಟಿಸಿ, ‘ಷೆಲ್ ಷಾಕ್’ ಎಂಬ ಹೆಸರನ್ನು ವೈದ್ಯರಲ್ಲಿ ಬಳಕೆಗೆ ತಂದನು. ಅವನಿಗೆ ಅಚ್ಚರಿಯಾದದ್ದು ಏನೆಂದರೆ, ಗುಂಡು ಸಿಡಿದದ್ದು ಭಾರಿ ಸದ್ದಿನೊಡನೆ; ಆದರೆ ಮೂವರಲ್ಲಿಯೂ ಕೆಟ್ಟದ್ದು ದೃಷ್ಟಿ, ವಾಸನೆ, ರುಚಿ ಮತ್ತು ನೆನಪು; ಕಿವಿ ಮಾತ್ರ ಹೆಚ್ಚುಕಡಮೆ ಸರಿಯಾಗಿಯೇ ಇತ್ತು! ಆದುದರಿಂದ ಇದು ಮನಸ್ಸಿನ ಬೇನೆಗೆ ಹತ್ತಿರವೆಂದು ಅವನು ಊಹಿಸಿದನು. ಊಹೆ ಬಹುಮಟ್ಟಿಗೆ ವಿವೇಕದ್ದೇ. ಆದರೆ ಅಂಗದ ಗಾಯ, ಮನಸ್ಸಿನ ಗಾಯ ಎಂದು ಎರಡು ಕಟ್ಟು ಕಟ್ಟಿದ ಮೇಲೆ, ಯಾವ ಕಟ್ಟಿಗೂ ಸೇರದವನು ಸುಳ್ಳುಗಾರನೆನಿಸಿಕೊಳ್ಳುವುದು ಸುಲಭವಾಯಿತು.

ಸುಳ್ಳು ಕಿವುಡನ್ನು ಹಿಡಿಯುವ ಜಾಣ ಪರೀಕ್ಷೆಯೊಂದು ಆಗಲೇ ಸಿದ್ಧವಾಗಿತ್ತು. ಗದ್ದಲದಲ್ಲಿ ಮಾತನಾಡುವವನು ತನಗರಿವಿಲ್ಲದೆ ದನಿಯನ್ನು ಎತ್ತರಿಸುವನು. ಪ್ಯಾರಿಸಿನ ಎಟಿಯೆನ್ ಲೊಂಬಾರ್ ಎಂಬ ಕಿವಿವೈದ್ಯನು ಇದನ್ನು ಗಮನಿಸಿ 1911ರಲ್ಲಿ ಪ್ರಕಟಿಸಿದನು. ಕಿವುಡನೆಂದು ಹೇಳಿಕೊಳ್ಳುವವನ ಕೈಗೆ ಪುಸ್ತಕ ಕೊಟ್ಟು ಓದಿಸುತ್ತ ಕಿವಿಯಲ್ಲಿ ಗದ್ದಲ ಎಬ್ಬಿಸಬೇಕು. ದನಿ ಏರಿತೋ, ಅವನಿಗೆ ಕೇಳುತ್ತಿದೆ. ಉಪಾಯ ಚೆನ್ನಾಗಿದೆ. ಆದರೆ ಈ ಪರೀಕ್ಷೆ ಗದ್ದಲ ಕೇಳುವುದೋ ಇಲ್ಲವೋ ಎಂಬುದನ್ನು ಹೇಳಬಲ್ಲುದು. ಗದ್ದಲದ ನಡುವೆ ಮಾತು ತಿಳಿಯುವುದೋ ಇಲ್ಲವೋ ಎಂಬುದನ್ನು ಹೇಳಲಾರದು.

ಎರಡನೆಯ ಮಹಾಯುದ್ಧದ ಹೊತ್ತಿಗೆ ದೃಷ್ಟಿ ಬದಲಾಯಿತು. ಅಮೆರಿಕದ ಸೇನೆಯು ಕಿವಿ ಕೆಟ್ಟ ಸೈನಿಕರಿಗಾಗಿಯೇ ಮೂರು ಆಸ್ಪತ್ರೆಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ಪೆನ್ಸಿಲ್ವೇನಿಯದ ಬಟ್ಲರ್ ಊರಿನ ಡೆಷಾನ್ ಆಸ್ಪತ್ರೆಯಲ್ಲಿ ರೇಮಂಡ್ ಕಾರ್‌ಹಾರ್ಟ್ ಎಂಬ ವಾಕ್‌ಶಾಸ್ತ್ರದ ಅಧ್ಯಾಪಕನು ಕೆಲಸ ಮಾಡಿದನು. ಒಬ್ಬೊಬ್ಬ ಸೈನಿಕನಿಗೂ ಯಾವ ಶ್ರವಣಯಂತ್ರ ಹೊಂದುವುದೆಂಬುದನ್ನು ಅಳೆದು ನೋಡಿ ಕೊಡುವ ಕ್ರಮವನ್ನು ಅವನು ರೂಪಿಸಿದನು. ತುಟಿಯ ಚಲನೆಯಿಂದ ಮಾತು ತಿಳಿಯುವ ಅಭ್ಯಾಸವನ್ನೂ ಆ ಆಸ್ಪತ್ರೆಗಳಲ್ಲಿ ಕಲಿಸುತ್ತಿದ್ದರು. ಅದೇ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ, ಮಾತನ್ನು ಗುರುತಿಸುವ ಪರೀಕ್ಷೆಗಾಗಿ ಪದಪಟ್ಟಿಗಳು ತಯಾರಾದುವು. ಶ್ರವಣಶಾಸ್ತ್ರವೆಂದು ಇಂದು ನಾವು ಕರೆಯುವ ವಿದ್ಯೆ ಒಂದು ಸ್ವತಂತ್ರ ಶಾಸ್ತ್ರವಾಗಿ ತಲೆಯೆತ್ತಿದ್ದು ಈ ಗಾಯಾಳು ಸೈನಿಕರ ನಡುವೆ. 1960ರ ದಶಕದ ಮಧ್ಯದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಸುವ ವಿದ್ಯೆಯೂ ಅದೇ.

ಅಡಗಿರುವ ನಷ್ಟ

ಕಿವಿಯ ಸಾಮಾನ್ಯ ಪರೀಕ್ಷೆ ಹೇಗೆ ನಡೆಯುತ್ತದೆ? ಸದ್ದಿಲ್ಲದ ಕೊಠಡಿಯಲ್ಲಿ ಕೂರಿಸಿ, ಬೇರೆ ಬೇರೆ ಕಂಪನಗಳ ಶುದ್ಧಸ್ವರಗಳನ್ನು ಒಂದೊಂದಾಗಿ ಮೆಲ್ಲಗೆ ಕೇಳಿಸಿ, ಎಷ್ಟು ಮೆಲುವಾದದ್ದು ಕೇಳುತ್ತದೆಂದು ಗುರುತು ಹಾಕಿಕೊಳ್ಳುತ್ತಾರೆ. ಗುರುತುಗಳನ್ನು ಕೂಡಿಸಿದರೆ ಒಂದು ನಕ್ಷೆ. ನಕ್ಷೆಯ ಗೆರೆ ಮೇಲಿದ್ದರೆ ಕಿವಿ ಸರಿ.

2009ರಲ್ಲಿ ಅಮೆರಿಕದ ಬಾಸ್ಟನ್ ನಗರದ ಷರಾನ್ ಕುಜಾವ ಮತ್ತು ಚಾರ್ಲ್ಸ್ ಲೀಬರ್ಮನ್ ಎಂಬ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಇಲಿಗಳಿಗೆ ಎರಡು ಗಂಟೆಗಳ ಕಾಲ 100 ಡೆಸಿಬೆಲಿನ ಗದ್ದಲವನ್ನು ಕೇಳಿಸಿದರು. ಕೇಳ್ಮೆ ಕುಗ್ಗಿತು, ಕೆಲವು ದಿನಗಳಲ್ಲಿ ಮತ್ತೆ ಮೊದಲಿನಂತಾಯಿತು. ರೋಮಕೋಶಗಳನ್ನು ಎಣಿಸಿದರೆ ಒಂದೂ ಕಡಮೆಯಾಗಿರಲಿಲ್ಲ. ಹಳೆಯ ನಂಬಿಕೆಯಂತೆ ಇಲ್ಲಿಗೆ ಎಲ್ಲ ಸರಿಹೋಗಬೇಕಾಗಿತ್ತು. ಆದರೆ ಒಳಸಾಲಿನ ರೋಮಕೋಶಕ್ಕೂ ನರತಂತುವಿಗೂ ನಡುವಣ ಸಂಧಿಗಳನ್ನು ಎಣಿಸಿದಾಗ, ಶಂಖದ ಬುಡದ ಭಾಗದಲ್ಲಿ ಅರ್ಧದಷ್ಟು ಸಂಧಿಗಳು ಅಳಿದುಹೋಗಿದ್ದವು. ಅವು ಮರಳಿ ಬರಲಿಲ್ಲ. ತಿಂಗಳುಗಳು ಕಳೆದಂತೆ ನರಕೋಶಗಳೂ ಮೆಲ್ಲಮೆಲ್ಲಗೆ ಸಾಯುತ್ತ ಬಂದುವು.

ಅರ್ಧ ತಂತಿ ಕಡಿದಿದ್ದರೂ ನಕ್ಷೆ ಸರಿಯಾಗಿರುವುದು ಹೇಗೆ? ಒಂದೊಂದು ಒಳರೋಮಕೋಶಕ್ಕೂ ಹತ್ತರಿಂದ ಮೂವತ್ತು ನರತಂತುಗಳು ಅಂಟಿಕೊಂಡಿರುತ್ತವೆ. ಇವೆಲ್ಲ ಒಂದೇ ಬಗೆಯವಲ್ಲ. ಕೆಲವು ಬಹು ಚುರುಕು, ಮೆಲುದನಿಗೇ ಎಚ್ಚರವಾಗುತ್ತವೆ. ಶಬ್ದ ದೊಡ್ಡದಾದರೆ ಇವು ತಮ್ಮ ಮಿತಿಯನ್ನು ಮುಟ್ಟಿ, ಆಮೇಲೆ ಹೆಚ್ಚಿನದೇನನ್ನೂ ಹೇಳಲಾರವು. ಇನ್ನು ಕೆಲವು ಮಂದ. ದೊಡ್ಡ ಶಬ್ದಕ್ಕೆ ಮಾತ್ರ ಏಳುತ್ತವೆ. ಗದ್ದಲದ ನಡುವೆ ಮಾತನ್ನು ಬಿಡಿಸಿ ಕೊಡುವ ಕೆಲಸ ಬಹುಮಟ್ಟಿಗೆ ಇವುಗಳದು. ಪ್ರಾಣಿಗಳಲ್ಲಿ ಕಂಡಿರುವಂತೆ ಪೆಟ್ಟಿಗೆ ಮೊದಲು ಬಲಿಯಾಗುವುವು ಈ ಮಂದ ತಂತುಗಳೇ. ಸದ್ದಿಲ್ಲದ ಕೊಠಡಿಯ ಪರೀಕ್ಷೆ ವಿಚಾರಿಸುವುದು ಚುರುಕು ತಂತುಗಳನ್ನು ಮಾತ್ರ. ಹಗಲು ಪಾಳಿಯವರ ಹಾಜರಿ ತೆಗೆದುಕೊಂಡು, ರಾತ್ರಿ ಪಾಳಿಯವರೂ ಬಂದಿದ್ದಾರೆಂದು ಬರೆದಂತಾಯಿತು!

ಬದುಕಿರುವ ಮನುಷ್ಯನ ಶಂಖವನ್ನು ಬಿಡಿಸಿ ಸಂಧಿಗಳನ್ನು ಎಣಿಸುವಂತಿಲ್ಲ. ಆದರೆ ತಲೆಯ ಮೇಲೆ ವಿದ್ಯುದ್ವಾರಗಳನ್ನು ಅಂಟಿಸಿ, ಟಿಕ್ ಟಿಕ್ ಶಬ್ದ ಕೇಳಿಸಿ, ಶ್ರವಣನರದಿಂದ ಹೊರಡುವ ವಿದ್ಯುತ್ತಿನ ಅಲೆಯನ್ನು ಅಳೆಯಬಹುದು. ಅಮೆರಿಕದ ಪೋರ್ಟ್‌ಲ್ಯಾಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇನೆಯಲ್ಲಿ ಹೆಚ್ಚು ಶಬ್ದಕ್ಕೆ ಈಡಾಗಿದ್ದ ಎಳೆವಯಸ್ಸಿನ ನಿವೃತ್ತರ ನಕ್ಷೆ ಸರಿಯಾಗಿದ್ದರೂ ಈ ಮೊದಲನೆಯ ಅಲೆ ಉಳಿದವರಿಗಿಂತ ಕುಗ್ಗಿತ್ತು.

ಗದ್ದಲದ ಪೆಟ್ಟಿಗೂ ಆಸ್ಫೋಟನೆಯ ಪೆಟ್ಟಿಗೂ ಇನ್ನೊಂದು ವ್ಯತ್ಯಾಸವಿದೆ. ಆಸ್ಫೋಟನೆಯು ತಲೆಯನ್ನೇ ಅಲುಗಿಸುತ್ತದೆ. ಮಿದುಳಿನ ಎರಡು ಅರ್ಧಗಳನ್ನು ಕೂಡಿಸುವ ನೀಳವಾದ ನರತಂತುಗಳು ಈ ಎಳೆತಕ್ಕೆ ಸಿಕ್ಕಿ ನವೆಯುತ್ತವೆ. ಎರಡು ಕಿವಿಗಳ ಸುದ್ದಿಯನ್ನು ಹೋಲಿಸಿ, ಬೇಕಾದವನ ದನಿಯನ್ನು ಆರಿಸಿಕೊಳ್ಳುವುದು ಮಿದುಳಿನ ಕೆಲಸವಷ್ಟೆ. ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಆಸ್ಫೋಟನೆಗೆ ಸಿಕ್ಕಿದ್ದ ಸೈನಿಕರನ್ನು ಇಂತಹ ಕೆಲಸಗಳಲ್ಲಿ ಪರೀಕ್ಷಿಸಿ ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. ಎಡಕಿವಿಗೊಂದು ಬಲಕಿವಿಗೊಂದು ಮಾತನ್ನು ಒಟ್ಟಿಗೆ ಕೇಳಿಸುವುದು, ಗದ್ದಲದಲ್ಲಿ ಕೆಲವೇ ಮಿಲಿಸೆಕೆಂಡುಗಳ ಬಿಡುವನ್ನು ಗುರುತಿಸಲು ಹೇಳುವುದು, ಹೀಗೆ. ನಕ್ಷೆ ಸರಿ ಅಥವಾ ಬಹುತೇಕ ಸರಿ ಇದ್ದವರಲ್ಲಿಯೂ ಹಲವರು ಇವುಗಳಲ್ಲಿ ಹಿಂದೆ ಬಿದ್ದರು. ನಾಲ್ಕು ಜನ ಸೇರಿದ ಕಡೆ ಮಾತು ತಿಳಿಯುವುದಿಲ್ಲವೆಂಬ ದೂರಿಗೆ ಇಷ್ಟು ತಡವಾಗಿ ಸಾಕ್ಷಿ ದೊರೆಯಿತು.

ಕಿವಿಯನ್ನು ಮುಚ್ಚಿಕೊಳ್ಳಬಾರದೆ?

ಇಷ್ಟೆಲ್ಲ ಅಪಾಯವಿರುವಾಗ ಸೈನಿಕನು ಕಿವಿಗೆ ಬೆಣೆ ಇಟ್ಟುಕೊಳ್ಳಬಾರದೆ ಎಂದು ಕೇಳುವುದು ಸಹಜ. ಕಾರ್ಖಾನೆಯಲ್ಲಿ ಇದು ಸುಲಭ, ಯುದ್ಧರಂಗದಲ್ಲಿ ಕಷ್ಟ. ಕತ್ತಲಲ್ಲಿ ಎಲೆ ಸರಪರವೆಂದದ್ದು, ಬಂದೂಕಿನ ಕುದುರೆ ಎಳೆದದ್ದು, ಜೊತೆಯವನು ಪಿಸುಗುಟ್ಟಿದ್ದು ಕೇಳದಿದ್ದರೆ ಸೈನಿಕನು ಅಂದೇ ಸಾಯಬಹುದು. ಕಿವಿ ಕೆಡುವುದು ಮುಂದಿನ ಮಾತು. ಇಂದಿನ ಪ್ರಾಣ ಮತ್ತು ನಾಳಿನ ಕಿವಿ ಇವೆರಡರಲ್ಲಿ ಅವನು ಪ್ರಾಣವನ್ನು ಆರಿಸಿಕೊಂಡರೆ ಅದನ್ನು ಅಲಕ್ಷ್ಯವೆನ್ನುವುದು ಅನ್ಯಾಯ. ಇದಕ್ಕಾಗಿ ನಡುವೆ ಅತಿಸಣ್ಣ ರಂಧ್ರವಿರುವ ಬೆಣೆಗಳನ್ನು ಮಾಡಿದ್ದಾರೆ. ಮೆಲುದನಿಯಲ್ಲಿ ಗಾಳಿ ರಂಧ್ರದೊಳಗೆ ಸರಾಗವಾಗಿ ಆಡುತ್ತದೆ. ಸಿಡಿತದ ರಭಸಕ್ಕೆ ಅಲ್ಲಿ ಸುಳಿಗಳೆದ್ದು ತಡೆಯುಂಟಾಗುತ್ತದೆ. ತತ್ತ್ವ ಸೊಗಸಾದದ್ದು, ಆದರೆ ಬೆಣೆ ಕಿವಿಗೆ ಬಿಗಿಯಾಗಿ ಕೂರದಿದ್ದರೆ ಸುತ್ತಲಿನ ಸಂದಿಯಿಂದ ಎಲ್ಲವೂ ಒಳನುಗ್ಗುತ್ತದೆ. ಅಮೆರಿಕದ ಸೈನಿಕರು ಬಳಸಿದ ಇಂತಹ ಒಂದು ಬೆಣೆ ಸರಿಯಾಗಿ ಕೂರುತ್ತಿರಲಿಲ್ಲವೆಂದು ಎರಡು ಲಕ್ಷಕ್ಕೂ ಹೆಚ್ಚು ಜನ ದಾವೆ ಹೂಡಿದರು. ತಯಾರಕರು ಹೊಣೆಯನ್ನು ಒಪ್ಪಿಕೊಳ್ಳದೆಯೇ 2023ರಲ್ಲಿ ಆರುನೂರು ಕೋಟಿ ಡಾಲರುಗಳಿಗೆ ರಾಜಿ ಮಾಡಿಕೊಂಡರು.

ಈಗಾಗಲೇ ಪೆಟ್ಟು ತಿಂದವರಿಗೆ ಏನು ಮಾಡಬಹುದು? ಶ್ರವಣಯಂತ್ರವು ಶಬ್ದವನ್ನು ದೊಡ್ಡದು ಮಾಡುತ್ತದೆ, ಗದ್ದಲವನ್ನೂ ಸೇರಿಸಿ. ನರಸಂಧಿ ಅಥವಾ ಮಿದುಳು ನವೆದವನಿಗೆ ಕೊರತೆ ಇರುವುದು ಸ್ಪಷ್ಟತೆಯಲ್ಲಿ. ಬರಿಯ ಬಲದಿಂದ ಅದು ಬರುವುದಿಲ್ಲ. ಮಾತನಾಡುವವನ ಕೊರಳಿಗೆ ಒಂದು ಪುಟ್ಟ ಮೈಕ್ರೊಫೋನನ್ನು ಹಾಕಿ, ಅವನ ದನಿಯನ್ನಷ್ಟೇ ರೇಡಿಯೊ ಮೂಲಕ ಕೇಳುವವನ ಕಿವಿಗೆ ಮುಟ್ಟಿಸುವ ಸಾಧನ ಇಂಥವರಿಗೆ ಹೆಚ್ಚು ಸಹಾಯಕ. ಬೆನ್ನನ್ನು ಗೋಡೆಗೆ ಮಾಡಿ ಕೂರುವುದು, ಎದುರಿನವನ ಮುಖಕ್ಕೆ ಬೆಳಕು ಬೀಳುವಂತೆ ನೋಡಿಕೊಳ್ಳುವುದು ಮೊದಲಾದ ಖರ್ಚಿಲ್ಲದ ಉಪಾಯಗಳೂ ಇವೆ.

ಆದರೆ ಯಾವ ಉಪಾಯಕ್ಕೂ ಮೊದಲು ನಷ್ಟ ಎಷ್ಟೆಂದು ಅಳೆಯಬೇಕಲ್ಲವೆ? ಅದಕ್ಕೆಂದು ಗದ್ದಲದಲ್ಲಿ ಮಾತಿನ ಪರೀಕ್ಷೆ ಬಂದಿದೆ. ಹಲವರು ಒಟ್ಟಿಗೆ ಮಾತನಾಡುವ ಗಜಿಬಿಜಿಯ ಧ್ವನಿಮುದ್ರಿಕೆಯನ್ನು ಹಾಕಿ, ಅದರ ನಡುವೆ ಒಂದೊಂದು ವಾಕ್ಯವನ್ನು ಕೇಳಿಸುತ್ತಾರೆ. ಮೊದಲನೆಯ ವಾಕ್ಯ ಗದ್ದಲಕ್ಕಿಂತ ಬಹಳ ಮೇಲಿರುತ್ತದೆ. ಮುಂದೆ ಮುಂದೆ ಹೋದಂತೆ ಗದ್ದಲ ಏರುತ್ತದೆ. ಕೊನೆಯದರಲ್ಲಿ ಎರಡೂ ಸರಿಸಮ. ಕೇಳಿದವನು ತನಗೆ ತಿಳಿದಷ್ಟನ್ನು ಹಿಂದಿರುಗಿ ಹೇಳಬೇಕು. ಎಷ್ಟು ಮಾತುಗಳು ಸರಿಯಾದುವೆಂದು ಎಣಿಸಿದರೆ, ಗದ್ದಲವನ್ನು ಎಷ್ಟು ಡೆಸಿಬೆಲಿನವರೆಗೆ ಅವನು ತಾಳಬಲ್ಲನೆಂದು ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೂ ಕಡಮೆಯ ಕೆಲಸ. ಶುದ್ಧಸ್ವರದ ಪರೀಕ್ಷೆಗೆ ಭಾಷೆ ಬೇಕಿಲ್ಲ. ಈ ಪರೀಕ್ಷೆಯಾದರೋ ಕೇಳುವವನ ಮನೆಮಾತಿನಲ್ಲಿಯೇ ನಡೆಯಬೇಕು. ಇಂಗ್ಲಿಷಿನ ವಾಕ್ಯಗಳನ್ನು ಕೇಳಿಸಿ ಕನ್ನಡಿಗನ ಕಿವಿಯನ್ನು ಅಳೆದರೆ, ಅಳೆದದ್ದು ಅವನ ಕಿವಿಯನ್ನೋ ಅವನ ಇಂಗ್ಲಿಷನ್ನೋ ಹೇಳುವುದು ಕಷ್ಟ. ಮೈಸೂರಿನ ಶ್ರವಣತಜ್ಞರು ಕನ್ನಡದ ವಾಕ್ಯಗಳಿಂದಲೇ ಇಂತಹ ಪಟ್ಟಿಗಳನ್ನು ಸಿದ್ಧಮಾಡಿದ್ದಾರೆ.